ಎರಡು ನಿಮಿಷ ನಿಲ್ಲಿಸದೆ ಮಾತಾಡಿ

ಇಂಗ್ಲಿಷಿಗೂ ನನಗೂ ಏಳನೇ ಕ್ಲಾಸಲ್ಲೇ ಸಂಬಂಧ ಬಿಟ್ಟುಹೋಯ್ತು. ಆಮೇಲೆ ಲಾರಿ ಕ್ಲೀನರ್ ಆದೆ, ಚಿಂತಾಮಣಿಯಲ್ಲಿ ಟೊಮೇಟೊ ಬಾಕ್ಸ್ ಹೊತ್ತೆ, ಗೌರಿಬಿದನೂರಲ್ಲಿ ಪ್ರೈವೇಟ್ ಬಸ್ಸಿಗೆ ಕಂಡಕ್ಟರ್ ಆದೆ. ಎಲ್ಲೂ ಒಂದು ವರ್ಷ ನಿಂತವನಲ್ಲ. ಈಗ ಚಿಕ್ಕಬಳ್ಳಾಪುರದ ಒಂದು ಕೋಚಿಂಗ್ ಸೆಂಟರಿನ ಕಾರು ಓಡಿಸ್ತೀನಿ. ಹೊರದೇಶಕ್ಕೆ ಓದೋಕೆ ಹೋಗೋ ಮಕ್ಕಳನ್ನು ಸೆಂಟರಿಗೂ, ಬೆಂಗಳೂರಿನ ಇಂಗ್ಲಿಷ್ ಪರೀಕ್ಷೆಗೂ ಕರಕೊಂಡು ಹೋಗಿ ಬರೋದು ಕೆಲಸ. ನಾನು ಬಿಟ್ಟು ಓಡಿದರೂ ಇಂಗ್ಲಿಷು ದಿನಾ ಬಂದು ನನ್ನ ಕಾರು ಹತ್ತುತ್ತೆ. ನಗೋದಕ್ಕೆ ಏನಾದರೂ ಒಂದು ಆಗ್ತಾನೇ ಇರುತ್ತೆ. ಮೇಲೂರಿನ ಒಬ್ಬ ಹುಡುಗಿಯದ್ದು ಮಾತ್ರ ಇಲ್ಲಿ ಹೇಳ್ತೀನಿ.

೧. ಮೊದಲನೇ ಸಲ

ರೇಷ್ಮೆ ಸಾಕೋ ಮನೆಯ ಹುಡುಗಿ. ರೇಷ್ಮೆಹುಳಕ್ಕೆ ಬರೋ ರೋಗಗಳ ಬಗ್ಗೆಯೇ ಮುಂದೆ ಓದಬೇಕು ಅಂತ ಆಸೆ. ಹೊರದೇಶದ ಯೂನಿವರ್ಸಿಟಿಯವರು ಸೀಟು ಕೊಡೋಕೆ ಒಪ್ಪಿದ್ದರು, ಆದರೆ ಇಂಗ್ಲಿಷ್ ಪರೀಕ್ಷೆಯ ಪ್ರತಿ ಭಾಗದಲ್ಲೂ ಒಂಬತ್ತಕ್ಕೆ ಆರೂವರೆ ಬರಲೇಬೇಕು. ಓದೋದು, ಬರೆಯೋದು ಎಲ್ಲದರಲ್ಲೂ ಬಂತು. ಮಾತಿಗೆ ಮಾತ್ರ ಐದು. ನಿಮ್ಮ ಊರಿನ ಬಗ್ಗೆ ಹೇಳಿ ಅಂದರೆ ಚೆನ್ನಾಗಿದೆ ಅಂದಳಂತೆ. ಮನೆ? ಅದೂ ಚೆನ್ನಾಗಿದೆ. ಅಡುಗೆ ಬರುತ್ತಾ? ಬರುತ್ತೆ. ಅಲ್ಲಿಗೆ ಮುಗೀತು. ಸೆಂಟರಿನ ಮೇಡಂ ತಲೆ ಮೇಲೆ ಕೈ ಹೊತ್ಕೊಂಡು, ಯಾಕಮ್ಮ ಅಷ್ಟೇ ಹೇಳಿದೆ ಅಂತ ಕೇಳಿದರು.

“ಹೆಣ್ಣು ನೋಡೋಕೆ ಬಂದಾಗಲೂ ಅಷ್ಟೇ ಹೇಳಿದ್ದು ಮೇಡಂ. ಅವರು ಒಪ್ಪಿಬಿಟ್ಟಿದ್ರು. ಬೇಡ ಅಂದಿದ್ದು ನಾನು.”

೨. ಹಿಂದಿನ ಸೀಟು

ಎರಡನೇ ಪರೀಕ್ಷೆಗೆ ಮೂರು ವಾರ ಇತ್ತು. ಅದೂ ಹೋದರೆ ಸೀಟಿನ ಕೊನೇ ದಿನ ದಾಟಿಹೋಗುತ್ತೆ. ಮೇಡಂ ನನ್ನ ಕೈಗೆ ಒಂದಷ್ಟು ಪ್ರಶ್ನೆ ಚೀಟಿ ಕೊಟ್ಟು, ಬರೋವಾಗ ದಿನಕ್ಕೊಂದು ಕೊಡು, ಎರಡು ನಿಮಿಷ ನಿಲ್ಲಿಸದೆ ಮಾತಾಡಬೇಕು, ಮೊಬೈಲಲ್ಲಿ ಟೈಮ್ ನೋಡು ಅಂದರು. ಹುಡುಗಿ ಜೊತೆ ಅವಳ ಅಜ್ಜಿ ದಿನಾ ಬರೋರು. ಒಂದಿನ ಚೀಟಿಯಲ್ಲಿ, ನಿಮಗೆ ಸಹಾಯ ಮಾಡಿದವರ ಬಗ್ಗೆ ಹೇಳಿ ಅಂತಿತ್ತು. ಅವಳು ಚಿಂತಾಮಣಿ ಅಂಕಲ್ ಅಂತ ಶುರು ಮಾಡಿದಳು. ಅಜ್ಜಿಗೆ ಇಂಗ್ಲಿಷ್ ಬರಲ್ಲ, ಚಿಂತಾಮಣಿ ಬರುತ್ತೆ.

“ಆ ಚಿಂತಾಮಣಿಯವನು ನಿನಗೇನೇ ಸಹಾಯ ಮಾಡಿದ್ದು?”

ಎಕ್ಸಾಮ್ ದಿನ ಬೈಕಲ್ಲಿ ಕಾಲೇಜಿಗೆ ಬಿಟ್ರಲ್ಲ ಅಂತ ಇವಳು. ಬೈಕ್ ಯಾರದ್ದು, ನಿಮ್ಮಪ್ಪಂದು, ಒಂದಿನಕ್ಕೆ ಅಂತ ತಗೊಂಡು ಹೋಗಿ ಮೂರು ತಿಂಗಳು ಇಟ್ಕೊಂಡಿದ್ದ ಅಂತ ಅಜ್ಜಿ. ಅಲ್ಲಿಂದ ಆ ಅಂಕಲ್ ಮದುವೆ, ಆ ಮದುವೆಯಲ್ಲಿ ಇವರ ಮನೆಯವರಿಗೆ ಆದ ಅವಮಾನ, ಎಲ್ಲ ಬಂತು. ಸೆಂಟರಲ್ಲಿ ಇಳಿದಾಗ ಮೇಡಂ, ಎಷ್ಟು ಹೊತ್ತು ಮಾತಾಡಿದಳು ಅಂತ ನನ್ನ ಕೇಳಿದರು. ಶಿಡ್ಲಘಟ್ಟದಿಂದ ಇಲ್ಲೀವರೆಗೂ ನಿಲ್ಲಿಸಿಲ್ಲ ಮೇಡಂ ಅಂದೆ. ಅವರಿಗೆ ಖುಷಿಯೋ ಖುಷಿ. ಯಾವ ಭಾಷೆಯಲ್ಲಿ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

೩. ಸ್ಕಂದಗಿರಿಯ ಬುಡದಲ್ಲಿ

ಹೊಸಬರ ಹತ್ತಿರ ಮಾತಾಡಿದರೆ ಹೆದರಿಕೆ ಬಿಡುತ್ತೆ ಅಂತ ನಾನೇ ತಲೆ ಓಡಿಸಿ, ಭಾನುವಾರ ಇಬ್ಬರನ್ನೂ ಸ್ಕಂದಗಿರಿ ಬುಡಕ್ಕೆ ಕರಕೊಂಡು ಹೋದೆ. ಬೆಟ್ಟ ಇಳಿದು ಬಂದವರಲ್ಲಿ ಒಬ್ಬ ಫಾರಿನರ್ ಸಿಕ್ಕಿದ. ಹುಡುಗಿ ಧೈರ್ಯ ಮಾಡಿ ಹಲೋ ಅಂದಳು.

“ನಮಸ್ಕಾರ. ನಾನು ಕನ್ನಡ ಕಲಿಯುತ್ತಿದ್ದೇನೆ. ದಯವಿಟ್ಟು ನನ್ನ ಜೊತೆ ಇಂಗ್ಲಿಷ್ ಬೇಡ.”

ಅರ್ಧ ಗಂಟೆ ಅವನು ಇವರನ್ನ ಬಿಡಲಿಲ್ಲ. ಅಜ್ಜಿ ಅವನ ಅಪ್ಪ ಅಮ್ಮ, ಜಮೀನು, ಮದುವೆ ಎಲ್ಲ ವಿಚಾರಿಸಿದರು, ಮೊಮ್ಮಗಳು ಅವನ ತಪ್ಪು ತಿದ್ದಿದಳು. ಆವತ್ತೇ ಕನ್ನಡದ ಪರೀಕ್ಷೆ ಇದ್ದಿದ್ದರೆ ಅವನಿಗೆ ಆರೂವರೆ ಗ್ಯಾರಂಟಿ.

೪. ಸಾಕು

ಪರೀಕ್ಷೆ ದಿನ ಬೆಂಗಳೂರಲ್ಲಿ ಹುಡುಗಿ ಮುಖ ಇಳಿಬಿಟ್ಟುಕೊಂಡು ಹೊರಗೆ ಬಂದಳು. ಪರೀಕ್ಷೆ ಮಾಡೋ ಮೇಡಮ್ಮಿಗೆ ಬೇಜಾರಾಯ್ತು ಅನ್ಸುತ್ತೆ ಅಂದವಳು ಕಾರು ಹತ್ತಿ, ಅಜ್ಜಿ ಹೆಗಲಿಗೆ ಒರಗಿ ಮೇಲೂರು ಬರೋವರೆಗೂ ನಿದ್ದೆ ಹೋದಳು.

ಕೆಲವು ದಿನ ಕಳೆದು ರಿಸಲ್ಟ್ ಬಂತು. ಮಾತಿಗೆ ಏಳು. ಸೀಟು ಖಾತ್ರಿ ಆಯ್ತು. ಸೆಂಟರಲ್ಲಿ ಎಲ್ಲರ ಬಾಯಿಗೂ ಮೈಸೂರ್ ಪಾಕು ಬಿದ್ದ ಮೇಲೆ ಅವಳು ನಡೆದಿದ್ದು ಹೇಳಿದಳು.

ಮನೆಗೆ ಬಂದ ನೆಂಟರ ಬಗ್ಗೆ ಹೇಳಿ ಅಂತ ಚೀಟಿ ಬಂದಿತ್ತಂತೆ. ಮಾವ ಬಂದಿದ್ದು, ಊಟಕ್ಕೆ ಎಲೆ ಹಾಕಿದ್ದು ಅಂತ ಶುರು ಮಾಡಿದ್ದಾಳೆ. ಎರಡು ನಿಮಿಷ ಆಯ್ತು, ಆಯಮ್ಮ ಥ್ಯಾಂಕ್ಯೂ, ಸಾಕು ಅಂದಿದ್ದಾರೆ. ನಮ್ಮ ಕಡೆ ಊಟಕ್ಕೆ ಕೂತವರು ಸಾಕು ಅಂದರೆ ಯಾರೂ ನಂಬಲ್ಲ. ಮೊದಲನೇ ಸಾಕು ಮರ್ಯಾದೆಗೆ, ಎರಡನೇದು ಸಂಕೋಚಕ್ಕೆ. ಎಲೆಗೆ ಕೈ ಅಡ್ಡ ಹಿಡಿದರೆ ಮಾತ್ರ ನಿಜವಾದ ಸಾಕು, ಅಲ್ಲೀವರೆಗೂ ಬಡಿಸ್ತಾನೇ ಇರಬೇಕು. ಗಾಬರಿಯಲ್ಲಿದ್ದ ಹುಡುಗಿಗೆ ಆ ರೂಢಿಯೇ ಮುಂದೆ ಬಂತು. ಮೊದಲನೇ ಥ್ಯಾಂಕ್ಯೂ ಆದ ಮೇಲೆ ಕಾಳು ಸಾರಿಗೆ ಏನೇನು ಹಾಕಿದ್ರು ಅಂತ ಹೇಳಿದಳು. ಎರಡನೇದಕ್ಕೆ ಹೋಳಿಗೆ, ಅದರ ಮೇಲೆ ತುಪ್ಪ. ಕೊನೆಗೆ ಆಯಮ್ಮ ಮುಂದಿದ್ದ ಪೇಪರ್ ಮೇಲೆ ಕೈ ಅಡ್ಡ ಹಿಡಿದರಂತೆ. ತಕ್ಷಣ ನಿಲ್ಲಿಸಿದಳು.

ನಾನೂ ಮೇಡಮ್ಮೂ ಬಿದ್ದು ಬಿದ್ದು ನಗ್ತಿದ್ವಿ. ಅಜ್ಜಿ ಮಾತ್ರ ಗಂಭೀರವಾಗಿ ಮೊಮ್ಮಗಳನ್ನ ನೋಡ್ತಿದ್ದರು.

“ಒಂದು ಕೈ ಅಡ್ಡ ಹಿಡಿದ್ರಾ, ಎರಡಾ?”

“ಒಂದೇ ಅಜ್ಜಿ.”

“ಒಂದೇ ಕೈ ಆದ್ರೆ ಇನ್ನೊಂಚೂರು ಹೇಳಬಹುದಿತ್ತಲ್ಲೇ. ಪಾಪ, ಅರೆಹೊಟ್ಟೇಲಿ ಎಬ್ಬಿಸಿಬಿಟ್ಟೆ.”