ಸರ್ ಕಾರಿನ ಸೈಲೆನ್ಸರೂ ನನ್ನ ಬಿಳಿ ಕರ್ಚೀಫೂ

ರಂಗಂಪೇಟೆಯಲ್ಲಿ ಈಗ ಓಡಾಡುತ್ತಿರುವ ಕಥೆ ಹೀಗಿದೆ. ಮಾನಪ್ಪ ಸರ್ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಅವರ ಕಾರು ಕೊಳ್ಳಲು ಬಂದಳಂತೆ. ಅಂಗಳದಲ್ಲಿ ಅಂಗಾತ ಮಲಗಿ ಸೈಲೆನ್ಸರಿನೊಳಗೆ ಮೊಣಕೈವರೆಗೆ ಕೈ ತೂರಿಸಿದಳಂತೆ. ಕಪ್ಪಾದ ಕೈಯನ್ನು ಹೊರಗೆಳೆದು, ಕಲಿಸಿದ ಗುರುವನ್ನೇ ಕಳ್ಳ ಎಂದಳಂತೆ. ಸರ್ ಅವಳನ್ನು ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ಹೊರಗಟ್ಟಿದರಂತೆ. ಕೇಳುವವರಿಗೆ ಚೆನ್ನಾಗಿಯೇ ಇದೆ. ಆ ವಿದ್ಯಾರ್ಥಿನಿ ನಾನೇ ಆಗಿರುವುದರಿಂದ ನನ್ನ ಆಕ್ಷೇಪಣೆಗಳನ್ನು ದಾಖಲಿಸಬೇಕಾಗಿದೆ. ಸೈಲೆನ್ಸರಿನ ಬಾಯಿಗೆ ಎರಡು ಬೆರಳು ಹೋದರೆ ಹೆಚ್ಚು, ಮೊಣಕೈಯ ಪ್ರಶ್ನೆಯೇ ಬರುವುದಿಲ್ಲ. ನಾನು ಮಲಗಿರಲಿಲ್ಲ, ಬಗ್ಗಿದ್ದೆ. ಚಪ್ಪಲಿ ಹಾಕಿಕೊಂಡೇ ಹೊರಟೆ, ಸರ್ ಕೂಡ ನನ್ನ ಜೊತೆಗೇ ಹೊರಟರು. ಇನ್ನು ಕಳ್ಳ ಎಂಬ ಪದವನ್ನು ನಾನು ಬಳಸಲೇ ಇಲ್ಲ. ನಾನು ಬಳಸಿದ್ದು ‘ಮೇಲ್ನೋಟಕ್ಕೆ’ ಎಂಬ ಪದ. ಅದು ಇನ್ನೂ ಆಳವಾಗಿ ಚುಚ್ಚುವ ಪದ ಎಂದು ನಮ್ಮ ಅವ್ವ ಹೇಳುತ್ತಾಳೆ. ಇರಬಹುದು. ಆದರೆ ಪದ ಬೇರೆ.

ವಾದ ಮಾಡುವುದು ಈಗ ನನ್ನ ಹೊಟ್ಟೆಪಾಡು. ಶಹಾಪುರದ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಫೈಲು ಹೊತ್ತು ಓಡಾಡುತ್ತೇನೆ. ಅದಕ್ಕೂ ಮೊದಲು ವಾದವೆಂಬುದು ನನಗೊಂದು ಕಾಯಿಲೆಯಾಗಿತ್ತು, ಅದನ್ನು ಅಂಟಿಸಿದವರು ಮಾನಪ್ಪ ಸರ್. ಅವ್ವ ಸುರಪುರದ ಕಡೆ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದಾಗ ನಾನು ಅಲ್ಲಿನ ಹೈಸ್ಕೂಲಿಗೆ ಹೋಗುತ್ತಿದ್ದೆ. ಪ್ರತಿ ಶುಕ್ರವಾರ ಕೊನೆಯ ಪಿರಿಯಡ್ಡಿನಲ್ಲಿ ಸರ್ ಚರ್ಚಾಸ್ಪರ್ಧೆಯ ತಾಲೀಮು ನಡೆಸುತ್ತಿದ್ದರು. ಯಾರು ಏನೇ ಹೇಳಲಿ, ಅವರ ಪ್ರಶ್ನೆ ಒಂದೇ: “ಯಾರು ಹೇಳ್ಯಾರ? ನೀ ನೋಡೀಯೇನು?” ಒಮ್ಮೆ ನಾನು ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದು ವಾದದ ನಡುವೆ ಹೇಳಿಬಿಟ್ಟೆ. ನೀ ನೋಡೀಯೇನು ಎಂದರು. ಒಂದು ತಿಂಗಳು ನಸುಕಿನಲ್ಲಿ ಮಾಳಿಗೆ ಹತ್ತಿ, ಎದುರು ಮನೆಯ ನೀರಿನ ಟಾಕಿಯನ್ನು ಗುರುತಿಟ್ಟುಕೊಂಡು ನೋಡಿದೆ. ಸೂರ್ಯ ದಿನಕ್ಕೊಂದಿಷ್ಟು ಟಾಕಿಯಿಂದ ಸರಿಯುತ್ತಿದ್ದ. ಈ ವಿಷಯವನ್ನು ವರದಿ ಮಾಡಿದಾಗ ಸರ್ ತಮ್ಮ ಕಿಸೆಯ ಕೆಂಪು ಪೆನ್ನು ತೆಗೆದು ನನಗೆ ಬಹುಮಾನ ಕೊಟ್ಟರು. ಅಂದಿನಿಂದ ನಾನು ಯಾರ ಮಾತನ್ನೂ ಹಾಗೆಯೇ ನಂಬಿದ್ದಿಲ್ಲ. ನನ್ನನ್ನು ನೋಡಲು ಬಂದ ವರನೊಬ್ಬ ಇನ್ನಾರು ತಿಂಗಳಿಗೆ ಸರ್ಕಾರಿ ನೌಕರಿ ಆಗುತ್ತದೆ ಎಂದಾಗ, ಯಾವ ಆಧಾರದ ಮೇಲೆ ಎಂದು ಕೇಳಿದೆ. ವರನ ಕಡೆಯವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಆರು ತಿಂಗಳಾದ ಮೇಲೆ ವಿಚಾರಿಸಿದೆ, ನೌಕರಿ ಆಗಿರಲಿಲ್ಲ. ಅವ್ವನಿಗೆ ಈ ಗೆಲುವಿನಿಂದ ಏನೂ ಸಂತೋಷವಾಗಲಿಲ್ಲ.

ಕಾರು ಬೇಕಾದದ್ದು ಅವ್ವನಿಗೇ. ಈಗ ಅವಳ ಶಾಲೆ ಗೋಗಿಯಲ್ಲಿ. ಶಹಾಪುರದಿಂದ ದಿನಾ ಆಟೋದಲ್ಲಿ ಹನ್ನೊಂದನೆಯವಳಾಗಿ ಕುಳಿತು ಹೋಗುತ್ತಾಳೆ. ಅವಳಿಗೆ ದಮ್ಮು. ಮುಂದಿನ ಗಾಡಿಯ ಹೊಗೆ, ಹಿಂದಿನ ಗಾಡಿಯ ಧೂಳು, ತಾನು ಕುಳಿತ ಆಟೋದ ಎರಡೂ ಸೇರಿ, ಶಾಲೆ ಮುಟ್ಟುವ ಹೊತ್ತಿಗೆ ಹಾಜರಿ ಕೂಗಲು ಅವಳಲ್ಲಿ ಉಸಿರು ಉಳಿದಿರುವುದಿಲ್ಲ. ಅಷ್ಟರಲ್ಲಿ ಮಾನಪ್ಪ ಸರ್ ಫೋನ್ ಮಾಡಿದರು. ನಿವೃತ್ತಿಯಾಗಿದ್ದರು, ಎಡ ಮೊಣಕಾಲು ಕ್ಲಚ್ ತುಳಿಯಲು ಒಲ್ಲೆ ಎನ್ನುತ್ತಿತ್ತು, ಬೇರೆಯವರಿಗೆ ಕೊಡುವ ಬದಲು ನಮಗೇ ಕೊಡುವ ಮನಸ್ಸು. ಅವ್ವ ಅಲ್ಲಿಯೇ ಒಪ್ಪಿಬಿಟ್ಟಳು. ಮಾಸ್ತರ ಗಾಡಿ, ಅದರಾಗ ನೋಡೋದೇನದ ಎಂದಳು.

ನೋಡುವುದೇನಿದೆ ಎಂಬುದನ್ನು ಕೋರ್ಟಿನೆದುರಿನ ಚಹಾದಂಗಡಿಯಲ್ಲಿ ತಿಳಿದುಕೊಂಡೆ. ಹೊಸ ನಮೂನೆಯ ಡೀಸೆಲ್ ಕಾರುಗಳಲ್ಲಿ ಹೊಗೆಯ ದಾರಿಗೆ ಅಡ್ಡಲಾಗಿ ಒಂದು ಡಬ್ಬಿ, ಅದರೊಳಗೆ ಜೇನುಗೂಡಿನಂಥ ಒಂದು ಜಾಳಿಗೆ, ಅಂದರೆ ಫಿಲ್ಟರ್, ಇರುತ್ತದಂತೆ. ಹೊಗೆಯ ಮಸಿಯನ್ನೆಲ್ಲ ಅದು ಹಿಡಿದಿಟ್ಟುಕೊಂಡು, ಗಾಡಿ ದೂರ ಓಡಿ ಕಾದಾಗ ಸುಟ್ಟುಬಿಡುತ್ತದೆ. ಬರೀ ಮನೆಯಿಂದ ಬಜಾರಿಗೆ, ಬಜಾರಿನಿಂದ ಮನೆಗೆ ಓಡಿಸಿದರೆ ಕಟ್ಟಿಕೊಳ್ಳುತ್ತದೆ. ಹೊಸದಕ್ಕೆ ದುಬಾರಿ. ಹಾಗಾಗಿ ಕೆಲವರು ಡಬ್ಬಿ ಸೀಳಿ, ಜಾಳಿಗೆ ಒಡೆದು ತೆಗೆದು, ಮತ್ತೆ ಬೆಸುಗೆ ಹಾಕಿಸಿ, ಗಾಡಿಯ ಕಂಪ್ಯೂಟರಿಗೂ ಸುಮ್ಮನಿರಲು ಹೇಳಿಸಿಬಿಡುತ್ತಾರೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಹೊಗೆ ತಪಾಸಣೆಯ ಚೀಟಿ ಇದೆಯಲ್ಲ ಎಂದೆ. ಮೇಜಿನ ಸುತ್ತ ಇದ್ದ ವಕೀಲರೆಲ್ಲ ನಕ್ಕರು. ಪತ್ತೆ ಹಚ್ಚಲು ಸುಲಭದ ಉಪಾಯ, ಸೈಲೆನ್ಸರಿನ ಬಾಯಿಗೆ ಬಿಳಿ ಬಟ್ಟೆ ಹಾಕಿ ಒರೆಸುವುದು. ಜಾಳಿಗೆ ಇದ್ದರೆ ಬಟ್ಟೆ ಹೆಚ್ಚು ಕಡಿಮೆ ಹಾಗೇ ಬರುತ್ತದೆ, ಇಲ್ಲದಿದ್ದರೆ ಕಾಡಿಗೆ.

ಸರ್ ರಂಗಂಪೇಟೆಯಿಂದ ಸುರಪುರದ ಬಜಾರು ಬಿಟ್ಟು ಎಲ್ಲಿಗೂ ಹೋಗುವವರಲ್ಲ ಎಂದೇ ನಾನು ತಿಳಿದಿದ್ದೆ. ನನ್ನ ಎದೆಯಲ್ಲಿ ಅನುಮಾನ ಬಂದು ಕುಳಿತಿತು. ಜಾಳಿಗೆಯಿಲ್ಲದ ಕಾರಾದರೆ, ಹೊಗೆಯಿಂದ ಅವ್ವನನ್ನು ಬಿಡಿಸಲು ಹೋಗಿ ನಾನೇ ಊರಿಗೆಲ್ಲ ಹೊಗೆ ಉಗುಳುವ ಗಾಡಿಯೊಂದನ್ನು ಮನೆ ಮುಂದೆ ತಂದು ನಿಲ್ಲಿಸಿದಂತೆ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಸರ್ ಇದನ್ನು ನಮ್ಮಿಂದ ಮುಚ್ಚಿಟ್ಟಿದ್ದಾರೆ ಎಂದಾದರೆ, ಆ ಶುಕ್ರವಾರಗಳನ್ನೆಲ್ಲ ನಾನು ಎಲ್ಲಿ ಇಟ್ಟುಕೊಳ್ಳಲಿ?

ಭಾನುವಾರ ಹೋದಾಗ ಸರ್ ಅಂಗಳದಲ್ಲಿ ಕಾರು ತೊಳೆಯುತ್ತಿದ್ದರು. ಅದು ಅವರ ವಾರದ ವ್ರತ, ಯಾರಿಗೂ ಬಿಟ್ಟುಕೊಡುವುದಿಲ್ಲ. ಮೊಣಕಾಲು ಮಡಚಲಾಗದೆ ಮಣೆಯ ಮೇಲೆ ಕುಳಿತು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗಾಲಿಯ ಸಂದುಗಳನ್ನು ತಿಕ್ಕುತ್ತಾರೆ. ಕೈಕಾಲು ತೊಳೆಯಲು ಅವರು ಒಳಗೆ ಹೋದದ್ದೇ ತಡ, ನಾನು ಪೆನ್ನು ಬೀಳಿಸಿ, ಅದನ್ನು ಹುಡುಕುವವಳಂತೆ ಬಗ್ಗಿ, ಬಿಳಿ ಕರ್ಚೀಫು ಸುತ್ತಿದ ಬೆರಳನ್ನು ಸೈಲೆನ್ಸರಿನ ಬಾಯೊಳಗೆ ಆಡಿಸಿದೆ. ಕಾಡಿಗೆಯೇ ಬಂತು. ಎಂಥ ಕಪ್ಪು ಎಂದರೆ, ಒಂದು ಕ್ಷಣ ನನಗೆ ಬಟ್ಟೆಯನ್ನು ಮಡಚಿ ಕಿಸೆಗಿಟ್ಟುಕೊಂಡು, ಏನೂ ನೋಡಿಲ್ಲವೆಂಬಂತೆ ಮನೆಗೆ ಹೋಗಬೇಕೆನಿಸಿತು. ಹಾಗೆ ಅನಿಸಿದ್ದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಆದರೆ ಕಾಯಿಲೆ ಬಿಡಬೇಕಲ್ಲ. ಸರ್ ಅವರ ಹೆಂಡತಿ ಶಾಂತಮ್ಮನವರು, ನಮಗೆಲ್ಲ ಅಮ್ಮಾರು, ಮಂಡಕ್ಕಿಯ ಸೂಸಲ ತಂದಿಟ್ಟು ಚಹಾ ತರಲು ಹೋದಾಗ ನಾನು ಕರ್ಚೀಫನ್ನು ಟೀಪಾಯಿಯ ಮೇಲೆ ಬಿಡಿಸಿ ಹಾಸಿದೆ. ಸ್ಪರ್ಧೆಯಲ್ಲಿ ನಿಂತವಳಂತೆ ಗಂಟಲು ಸರಿಮಾಡಿಕೊಂಡು, ಮೇಲ್ನೋಟಕ್ಕೆ ಈ ವಾಹನದ ಫಿಲ್ಟರ್ ತೆಗೆಸಿದಂತೆ ಕಂಡುಬರುತ್ತದೆ ಎಂದೆ. ಸರ್ ಕರ್ಚೀಫನ್ನು ನೋಡಿದರು, ನನ್ನನ್ನು ನೋಡಿದರು. ಚಹಾದ ತಟ್ಟೆ ಹಿಡಿದ ಅಮ್ಮಾರು ಬಾಗಿಲಲ್ಲೇ ನಿಂತರು. ನನಗೆ ಆಗ ಅದು ಅವಮಾನದಿಂದ ನಿಂತದ್ದು ಎನಿಸಿತು.

ಸರ್ ಸಿಟ್ಟಾಗಲಿಲ್ಲ, ಅದೇ ತೊಂದರೆ. ಹದಿನೈದು ದಿನಕ್ಕೊಮ್ಮೆ ಹುಣಸಗಿವರೆಗೂ ಹೋಗಿ ಬರುತ್ತೇನೆ, ಫಿಲ್ಟರ್ ಕಾದು ಮಸಿ ಸುಡಲಿ ಅಂತಲೇ ಹೋಗುತ್ತೇನೆ ಎಂದರು. ಕಾಲುವೆ ಕೆಳಗೆ ಗುಟ್ಟಾಗಿ ಹೊಲ ಹಿಡಿದಿದ್ದಾರೆ ಎಂದು ರಂಗಂಪೇಟೆಯವರು ಮಾತಾಡಿಕೊಳ್ಳುತ್ತಿದ್ದ ಪ್ರಯಾಣ ಅದೇ. ಅದಕ್ಕೆ ಸಾಕ್ಷಿ ಯಾರು ಎಂದೆ. ಅಲ್ಲಿ ಒಂದು ಚಹಾ ಕುಡಿಯುತ್ತೇನೆ, ಹೋಟೆಲಿನವನನ್ನು ಕೇಳು ಎಂದರು. ಹೋಟೆಲಿನವನು ಫಿಲ್ಟರ್ ನೋಡಿಲ್ಲವಲ್ಲ ಎಂದೆ. ಸರ್ ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು.

“ಖರೇ ಅದ. ಆದ್ರ ಒಂದು ಕರ್ಚೀಫಿನ ಮ್ಯಾಲ ತೀರ್ಪು ಬರ್ಯಾಕತ್ತೀಯಲ್ಲ, ಇದನ್ನೇನು ನಾ ಕಲಿಸಿದ್ದು? ಏಳು. ಮೌಲಾಲಿ ಕಡೆ ಹೋಗೂಣು.”

ಮೌಲಾಲಿ ಶಹಾಪುರದ ಮೆಕ್ಯಾನಿಕ್. ಡೀಸೆಲ್ ಗಾಡಿಗಳ ಮಟ್ಟಿಗೆ ಅವನ ಮಾತಿನ ಮೇಲೆ ಮೇಲ್ಮನವಿ ಇಲ್ಲ. ಹೊರಡುವಾಗ ಅಮ್ಮಾರೂ ಸೀರೆ ಬದಲಿಸಿ ಬಂದು ಹಿಂದಿನ ಸೀಟಿನಲ್ಲಿ ಕುಳಿತರು. ಗ್ಯಾರೇಜಿಗೆ ನೀ ಯಾಕ ಎಂದು ಸರ್ ಕೇಳಿದರು. ನನಗೂ ಗಾಳಿ ಬೇಕಾಗ್ಯದ ಎಂದರು ಅಮ್ಮಾರು. ನಾನು ಓಡಿಸಿದೆ. ಎಂಜಿನ್ ಎಷ್ಟು ನುಣುಪಾಗಿ ಓಡುತ್ತಿತ್ತೆಂದರೆ, ಅದೂ ನನಗೆ ಅನುಮಾನಕ್ಕೆ ಕಾರಣವಾಯಿತು. ಜಾಳಿಗೆ ತೆಗೆಸಿದ ಗಾಡಿ ಹಗುರಾಗಿ ಓಡುತ್ತದೆ ಎಂದು ಚಹಾದಂಗಡಿಯಲ್ಲಿ ಹೇಳಿದ್ದರು. ತಗ್ಗಿನಲ್ಲೊಮ್ಮೆ ಗಾಡಿ ಎಗರಿತು. ಅದು ಕೂಡ ಜಾಳಿಗೆ ಇಲ್ಲದ್ದಕ್ಕೇ ಎನಿಸಿತು. ಆರೋಪ ಒಮ್ಮೆ ತಲೆಗೆ ಹೊಕ್ಕರೆ ಎಲ್ಲವೂ ಸಾಕ್ಷಿಯಾಗುತ್ತದೆ.

ಗ್ಯಾರೇಜಿನಲ್ಲಿ ಇಳಿದವರೇ ಸರ್, ತನಿಖೆ ನಡೆಯುವಾಗ ಆರೋಪಿ ಅಲ್ಲಿ ನಿಲ್ಲಬಾರದು ಎಂದು ಹೇಳಿ, ರಸ್ತೆಯಾಚೆಯ ಹೋಟೆಲಿಗೆ ಹೋಗಿ ಪೇಪರ್ ಹಿಡಿದು ಕುಳಿತರು. ಮೌಲಾಲಿ ಕೀಲಿ ತಿರುವಿದ. ಫಿಲ್ಟರಿನ ದೀಪ ಹೊತ್ತಿ ಆರಿತು, ಆರಬೇಕಾದ್ದೇ ಎಂದ. ಸ್ಟೇರಿಂಗಿನ ಕೆಳಗೆ ಒಂದು ವೈರು ಚುಚ್ಚಿ, ಕೈಯಲ್ಲಿನ ಸ್ಕ್ಯಾನರ್ ನೋಡುತ್ತ ನನಗೆ ಎಕ್ಸಲೇಟರ್ ತುಳಿಯಲು ಹೇಳಿದ. ತುಳಿದಂತೆಲ್ಲ ಜಾಳಿಗೆಯ ಹಿಂದುಮುಂದಿನ ಒತ್ತಡದ ಅಂಕಿ ಏರುತ್ತಿತ್ತು. ಒಳಗೆ ಏನೂ ಇಲ್ಲದಿದ್ದರೆ ಅದು ಏರುವುದಿಲ್ಲ. ಕಂಪ್ಯೂಟರಿಗೆ ಸುಳ್ಳು ಕಲಿಸಿರಬಹುದಲ್ಲ ಎಂದೆ. ಅವನು ನನ್ನನ್ನು ಗುಂಡಿಯೊಳಗೆ ಇಳಿಸಿ, ತಲೆಯ ಮೇಲಿನ ಡಬ್ಬಿಗೆ ಟಾರ್ಚ್ ಹಿಡಿದ. ಸೀಳಿದ ಗುರುತಿಲ್ಲ, ಹೊಸ ಬೆಸುಗೆಯಿಲ್ಲ, ಕಂಪನಿಯಿಂದ ಬಂದಾಗಿನ ಬೆಸುಗೆ ಒಂದೇ ಸಮನೆ ಗೆರೆ ಎಳೆದಂತಿತ್ತು. ನಾನು ಅದನ್ನು ಮೂರು ಸಲ ನೋಡಿದೆ. ಮೊದಲ ಸಲ ಪರೀಕ್ಷೆಗೆ, ಉಳಿದೆರಡು ಸಲ ಖುಷಿಗೆ. ಗುಂಡಿಯ ಗ್ರೀಸಿನ ವಾಸನೆಯಲ್ಲಿ ನಿಂತು ಅಷ್ಟು ಹಗುರಾಗಿ ಉಸಿರಾಡಿದ್ದು ನನಗೆ ನೆನಪಿಲ್ಲ.

ಹಾಗಾದರೆ ಕರ್ಚೀಫು? ಮೌಲಾಲಿ ಕಡ್ಡಿಗೆ ಬಟ್ಟೆ ಸುತ್ತಿ ಸೈಲೆನ್ಸರಿನ ಒಳಕ್ಕೆ ಗೇಣುದ್ದ ತೂರಿಸಿ ತೆಗೆದ. ಬಟ್ಟೆ ತುಸು ಬೂದು ಬಣ್ಣಕ್ಕೆ ತಿರುಗಿತು, ಅಷ್ಟೇ. ಕಪ್ಪೆಲ್ಲ ಬಾಯಿಯ ಅಂಚಿನಲ್ಲಿ, ಅದೂ ಮೇಲಿನ ಒಂದೇ ಮಗ್ಗುಲಲ್ಲಿ, ಹೆಬ್ಬೆರಳಗಲ. ಅವನು ನನ್ನ ಕರ್ಚೀಫನ್ನು ಇಸಿದುಕೊಂಡು ಮೂಗಿಗೆ ಹಿಡಿದ.

“ವಕೀಲ್ ಬಾಯಾರ, ಇದು ಇಂಜನ್ ಮಸಿ ಅಲ್ರಿ. ಆ ಮಸಿ ಒಣಾ ಇರ್ತದ, ಊದಿದ್ರ ಹಾರ್ತದ. ಇದು ಅಂಟಾಕತ್ತದ. ಔಡಲೆಣ್ಣಿ ವಾಸನಿ ಅದ. ನಮ್ಮ ಮನ್ಯಾಗ ಕೂಸಿಗೆ ಹಚ್ಚೂದು ಇದೇ ನೋಡ್ರಿ.”

ನಾನು ತಿರುಗಿ ನೋಡಿದೆ. ಅಮ್ಮಾರು ಗ್ಯಾರೇಜಿನ ಗೋಡೆಗೆ ತೂಗುಹಾಕಿದ್ದ ಹಳೆಯ ಟಯರುಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಕೈ ತೊಳೆಯುವ ನೆಪದಲ್ಲಿ ಅವರು ನನ್ನನ್ನು ನಳದ ಹತ್ತಿರ ಕರೆದುಕೊಂಡು ಹೋದರು. ಹಿಂದೆ ಸರ್ ಮೋಟರ್‌ಸೈಕಲ್ಲಿನಿಂದ ಬಿದ್ದು ಮೊಣಕಾಲು ಮುರಿದುಕೊಂಡಿದ್ದರು. ಕಾರು ತೆಗೆದುಕೊಂಡದ್ದು ಆಮೇಲೆಯೇ. ಹೊಸ ಗಾಡಿಗೆ ಒಂದು ನಿಂಬೆಹಣ್ಣಾದರೂ ಕಟ್ಟೋಣ ಎಂದರೆ ಸರ್ ಮುಕ್ಕಾಲು ಗಂಟೆ ವಾದ ಮಾಡಿ ಅಮ್ಮಾರನ್ನು ಸೋಲಿಸಿದ್ದರಂತೆ. ಅಮ್ಮಾರು ಸೋತರು, ಒಪ್ಪಲಿಲ್ಲ. ಪ್ರತಿ ಅಮಾವಾಸ್ಯೆಗೆ ತಾವೇ ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಹಿಡಿದ ಕಾಡಿಗೆಯಿಂದ, ದೃಷ್ಟಿ ತಾಕದಿರಲಿ ಎಂದು, ಕಾರಿಗೊಂದು ಬೊಟ್ಟು ಇಡುತ್ತ ಬಂದರು.

“ಮುಂದ ಹಚ್ಚಿದ್ರ ಅವರು ನೋಡ್ತಾರ. ಹಿಂದ ಹಚ್ಚಿದ್ರ ಓಣ್ಯಾಗಿನವ್ರು ನೋಡಿ ಅವರಿಗೆ ಹೇಳ್ತಾರ. ಕೊಳವ್ಯಾಗ ಯಾರು ಬೆರಳು ಹಾಕಿ ನೋಡ್ತಾರ ಅಂದ್ಕೊಂಡಿದ್ದೆ ಸುಜಾತಾ. ನೀ ಬಂದಿ.”

ಅವರಿಗೆ ಹೇಳಬ್ಯಾಡವ್ವ ಎಂದರು. ನಾನು ಜೀವನದಲ್ಲಿ ಮೊದಲ ಬಾರಿಗೆ ಒಂದು ವಾದಕ್ಕೆ ಉತ್ತರ ಕೊಡದೆ ತಲೆಯಾಡಿಸಿದೆ.

ರಸ್ತೆ ದಾಟಿ ಹೋಗಿ ಸರ್ ಎದುರು ನಿಂತು, ಫಿಲ್ಟರ್ ಇದೆ, ನನ್ನದು ತಪ್ಪು ಎಂದೆ. ‘ಮೇಲ್ನೋಟಕ್ಕೆ’ ಎಂಬುದನ್ನು ಕಡತದಿಂದ ತೆಗೆದುಹಾಕುವಂತೆ ಕೋರಿದೆ. ಸರ್ ಪೇಪರ್ ಮಡಚಿದರು. ನೋಡದೆ ಕೊಳ್ಳಲು ಬಂದಿದ್ದರೆ ನಿನಗೆ ಗಾಡಿ ಕೊಡುತ್ತಲೇ ಇರಲಿಲ್ಲ ಎಂದರು. ಹೋಟೆಲಿನವನಿಗೆ ಇನ್ನೂ ಮೂರು ಚಹಾ ಹೇಳಿ, ಮೌಲಾಲಿಯನ್ನೂ ಕೂಗಿದರು. ಮರುವಾರ ಯಾದಗಿರಿಗೆ ಹೋಗಿ ಕಾರಿನ ಕಾಗದಗಳಲ್ಲಿ ಹೆಸರು ಬದಲಿಸಿದ್ದಾಯಿತು. ಈಗ ಅವ್ವನನ್ನು ಗೋಗಿಗೆ ಬಿಟ್ಟು ಬಂದೇ ನಾನು ಕೋರ್ಟಿಗೆ ಹೋಗುತ್ತೇನೆ. ಶಾಲೆಯ ಗೇಟಿನಲ್ಲಿ ಇಳಿದು ಅವಳು ಮಕ್ಕಳನ್ನು ಗದರುವ ದನಿ ಕಾರಿನೊಳಗೂ ಕೇಳುತ್ತದೆ. ಹದಿನೈದು ದಿನಕ್ಕೊಮ್ಮೆ ಭಾನುವಾರ ಇಬ್ಬರೂ ಹುಣಸಗಿಗೆ ಹೋಗಿ ಚಹಾ ಕುಡಿದು ಬರುತ್ತೇವೆ. ನಾವೂ ಹೊಲ ಹಿಡಿದಿದ್ದೇವೆಂದು ನಮ್ಮ ಓಣಿಯಲ್ಲಿ ಸುದ್ದಿಯಿದೆ.

ಮೊನ್ನೆ ಕಾರು ತೊಳೆಯಲು ಕುಳಿತೆ. ಗಾಲಿ, ಬಂಪರ್, ನಂಬರ್ ಪ್ಲೇಟು ಎಲ್ಲ ತಿಕ್ಕಿ, ಬಟ್ಟೆ ಹಿಡಿದು ಸೈಲೆನ್ಸರಿನ ಹತ್ತಿರ ಬಂದವಳು ನಿಂತೆ. ನನ್ನ ಬೆರಳು ಬಿಟ್ಟಿದ್ದ ಅರ್ಧ ಬೊಟ್ಟು ಇನ್ನೂ ಅಲ್ಲಿತ್ತು. ಒರೆಸಲಿಲ್ಲ. ಇದು ನಂಬಿಕೆಯಲ್ಲ, ಬೊಟ್ಟು ಇದ್ದಾಗ ಅಪಘಾತವಾಗಿಲ್ಲ ಎಂಬಷ್ಟು ಮಾತ್ರ ನಮಗೆ ಗೊತ್ತು, ಇಲ್ಲದಾಗ ಏನಾಗುತ್ತದೆಂಬ ಪ್ರಯೋಗವನ್ನು ಅವ್ವನನ್ನು ಕೂರಿಸಿಕೊಂಡು ಮಾಡುವುದು ಸರಿಯಲ್ಲ ಎಂಬುದು ನನ್ನ ವಾದ. ವಾದ ದುರ್ಬಲವಾಗಿದೆ ಎಂದು ನನಗೂ ಗೊತ್ತು. ಬಟ್ಟೆ ಹಿಂಡುತ್ತಿದ್ದಾಗ ಥಟ್ಟನೆ ಇನ್ನೊಂದು ಹೊಳೆಯಿತು. ಕೂಡಲೇ ಅಮ್ಮಾರಿಗೆ ಫೋನ್ ಮಾಡಿ ಹೇಳಿದೆ. ಅವರು, ಹಂಗಾದ್ರ ಬರೀ, ಎಲ್ಲಾ ಬರೀ, ನನಗೂ ತಿಳೀಬೇಕಾಗ್ಯದ ಎಂದರು. ಅವರ ಅನುಮತಿಯಿಂದಲೇ ಇಷ್ಟು ಬರೆದಿದ್ದೇನೆ. ಮಾನಪ್ಪ ಸರ್ ಇದನ್ನು ಕೆಂಪು ಪೆನ್ನು ಹಿಡಿದೇ ಓದುತ್ತಾರೆಂಬುದೂ ನನಗೆ ಗೊತ್ತು.

ಸರ್, ನನ್ನ ಕರ್ಚೀಫಿನ ಕಪ್ಪನ್ನು ನಿಮ್ಮ ಟೀಪಾಯಿಯ ಮೇಲೆ ನೀವೇ ನೋಡಿದ್ದಿರಿ. ಫಿಲ್ಟರ್ ಇದೆ ಎಂದಾದ ಮೇಲೆ, ಮತ್ತೆ ಆ ಮಸಿ ಎಲ್ಲಿಂದ ಬಂತೆಂದು ನೀವು ನನ್ನನ್ನು ಕೇಳಲಿಲ್ಲ. ಸೂರ್ಯ ಹುಟ್ಟುವುದಕ್ಕೂ ಸಾಕ್ಷಿ ಕೇಳಿದವರು ನೀವು. ಪ್ರತಿ ಭಾನುವಾರ, ಸೈಲೆನ್ಸರು ಕಣ್ಣಿಗೆ ಬೀಳುವಷ್ಟು ತಗ್ಗಿನ ಮಣೆ ಹಾಕಿಕೊಂಡು, ಬ್ರಷ್ ಹಿಡಿದು ಆ ಕಾರು ತೊಳೆಯುತ್ತಿದ್ದವರೂ ನೀವೇ. ಇಷ್ಟು ವರ್ಷ ಆ ಬೊಟ್ಟನ್ನು ನೀವು ನೋಡಿಲ್ಲೇನ್ರಿ ಸರ್, ಇಲ್ಲಾ ನೋಡಿಯೂ ಒರಸದ ಬಿಟ್ರೇನ್ರಿ?