ಸಾಕಿದ ನುಸಿ

ಬೆಳಿಗ್ಗೆ ಆಫೀಸಿಗೆ ಕಾಲಿಟ್ಟ ನುಸಿಯಪ್ಪನ ಮೂಗಿಗೆ ಮೊದಲು ಬಡಿದದ್ದು ಗಂಧಕದ ವಾಸನೆ. ನುಸಿ ಕೊಲ್ಲುವ ಔಷಧಿಯದು.

ನುಸಿಯಪ್ಪ ಅವನ ಹೆಸರಲ್ಲ, ಜೊತೆಯವರು ಕೊಟ್ಟ ಬಿರುದು. ಗೋಧಿ ಸಂಶೋಧನಾ ಕೇಂದ್ರದಲ್ಲಿ ಅವನಿಗೆ ನುಸಿ ಸಾಕುವ ಕೆಲಸ. ಯಾವ ತಳಿ ನುಸಿಯನ್ನು ತಡೆದೀತು ಎಂದು ಪರೀಕ್ಷಿಸಲು ಮೊದಲು ನುಸಿ ಬೇಕಲ್ಲ! ಕಣ್ಣಿಗೆ ಕಾಣದ, ಹಸಿರೆಲೆ ತಪ್ಪಿದರೆ ಬಾಳದ ಆ ಪೀಡೆಗಳನ್ನು ಅವನು ಕುಂಡದ ಗೋಧಿಯ ಮೇಲೆ ಹೆತ್ತ ಮಕ್ಕಳಂತೆ ಬೆಳೆಸಿದ್ದ. ಕೆಲಸ ಮಾತ್ರ ಇನ್ನೂ ಹಂಗಾಮಿ. ಅವನ ಹುದ್ದೆ ಇರಬೇಕೋ ಹೋಗಬೇಕೋ ಎಂದು ತೀರ್ಮಾನಿಸಲು ಇವತ್ತು ಸಂಜೆ ಸಮಿತಿ ಬರುವುದಿತ್ತು.

“ಎಲೆಯೆಲ್ಲ ಮುದುರ್ಕೊಂಡು ಹಳದಿಯಾಗಿತ್ತಣ್ಣಾ,” ಎಂದ ತೋಟದ ಮಾಲಿ, ಹಲ್ಲು ಕಿರಿಯುತ್ತ. “ದೊಡ್ಡೋರು ಬರೋ ದಿನ ಹಿಂಗಿದ್ರೆ ನಿಮ್ಮ ಮಾನ ಹೋಗಲ್ವಾ? ನಿನ್ನೆ ನೀವು ಹೋದ್ಮೇಲೆ ಔಷಧಿ ಹೊಡೆದೆ. ಒಂದೂ ಉಳಿದಿಲ್ಲ ನೋಡಿ!”

ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮಾಲಿಯ ಮಾತು ನಿಜ. ಇಡೀ ವಂಶವೇ ನಿರ್ನಾಮವಾಗಿತ್ತು.

ನುಸಿಯಪ್ಪ ಬಕೆಟ್ಟು ಹಿಡಿದು ಊರ ಹೊಲಗಳಲ್ಲಿ ನುಸಿ ಹುಡುಕಲು ಹೊರಟ. ಬೇಡವೆಂದರೂ ಮುತ್ತುವ ಪೀಡೆ ಬೇಕೆಂದಾಗ ಸಿಕ್ಕೀತೇ? ಮೊದಲ ಹೊಲದ ಯಜಮಾನ ಕೆರಳಿ ಕೆಂಡವಾದ. “ನನ್ನ ಗೋಧಿಗೆ ನುಸಿಯಾ? ಬಿತ್ತನೆ ಬೀಜಕ್ಕೆ ಅಂತ ಬೆಳೆದಿರೋದು ಇದು! ಹಂಗೇನಾದ್ರೂ ಊರಲ್ಲಿ ಹೇಳ್ಕೊಂಡು ತಿರುಗಿದ್ಯೋ, ಕಾಲು ಮುರೀತೀನಿ.” ಎರಡನೆಯವನು ಮಾತೇ ಆಡಲಿಲ್ಲ, ನಾಯಿ ಬಿಟ್ಟ. ಪ್ಯಾಂಟಿನ ಒಂದು ತುಂಡನ್ನು ನಾಯಿಗೆ ಒಪ್ಪಿಸಿ ಅವನು ಅಕ್ಕನ ಮನೆಯ ಹಾದಿ ಹಿಡಿದ.

ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಮನೆಮುಂದಿನ ಗೋಧಿ ಹೊಲವೇ ಅವಳ ವರ್ಷದ ಊಟ. ಗೇಟು ತೆರೆದವನಿಗೆ ಕುಣಿಯುವಂತಾಯಿತು. ಅಂಚು ಸುರುಳಿ ಸುತ್ತಿದ ಎಲೆಗಳು, ಅವನ ಕುಂಡದಲ್ಲಿದ್ದಂಥವೇ! ಮರುಗಳಿಗೆ ಕುಣಿತ ನಿಂತಿತು. ನುಸಿ ಹೊಲದ ತುಂಬ ಇರಲಿಲ್ಲ. ಗೇಟಿನಿಂದ ಮನೆಬಾಗಿಲಿನವರೆಗೆ, ಕಾಲುದಾರಿಯ ಎರಡೂ ಬದಿಗೆ ಮಾತ್ರ ಇತ್ತು. ಪ್ರತಿ ವಾರ ಆಫೀಸಿನ ಅಂಗಿಯಲ್ಲೇ, ಗೋಧಿಯನ್ನು ಸವರಿಕೊಂಡು, ಆ ದಾರಿಯಲ್ಲಿ ಊಟಕ್ಕೆ ಬರುತ್ತಿದ್ದವನು ಅವನೇ. ಉಂಡ ಮನೆಗೆ ಎರಡು ಬಗೆದಂತಾಗಿತ್ತು.

“ಇದ್ಯಾಕೋ ಹಿಂಗೆ ಮುದುರಿದೆ?” ಎಂದಳು ಅಕ್ಕ. “ನೀನು ಬಂದಾಗ ಕೇಳ್ಬೇಕು ಅಂತಿದ್ದೆ. ಕೆಟ್ಟದ್ದೇನೋ?”

ನಿಜ ಹೇಳಲು ನಾಲಿಗೆ ಏಳಲಿಲ್ಲ. “ಕೆಟ್ಟದ್ದಲ್ಲ ಅಕ್ಕಾ. ನಮ್ಮ ಆಫೀಸಿಗೆ ಇದು ಬಂಗಾರ. ಇದು ಸಿಗದಿದ್ರೆ ಇವತ್ತು ನನ್ನ ಕೆಲಸಾನೇ ಹೋಗ್ತಿತ್ತು.”

“ಹಂಗಾದ್ರೆ ನೋಡ್ತಾ ನಿಂತ್ಯಲ್ಲೋ!” ಎಂದು ಅಕ್ಕ ತಾನೇ ಬೇರುಸಹಿತ ಸಸಿ ಕಿತ್ತು ಬಕೆಟ್ಟು ತುಂಬಿಸಿದಳು.

ಸಂಜೆ ಸಮಿತಿಯ ಅಧ್ಯಕ್ಷರು ಮೈಕ್ರೋಸ್ಕೋಪಿನಿಂದ ಕಣ್ಣು ಕೀಳಲೇ ಇಲ್ಲ. “ಭೇಷ್! ಎಷ್ಟು ಚುರುಕಾಗಿವೆ!”

ನುಸಿಯಪ್ಪ ನೆಮ್ಮದಿಯ ಉಸಿರುಬಿಟ್ಟ. ಉಪಕಾರ ಮಾಡದಿದ್ದರೆ ಉಂಡ ಅನ್ನ ಅರಗದ ಮಾಲಿ ಅದೇ ಹೊತ್ತಿಗೆ ಬಾಗಿಲಲ್ಲಿ ಇಣುಕಿದ. ಬಕೆಟ್ಟು ಇಳಿಸುವಾಗಲೇ ಅವನು ವಿಷಯವೆಲ್ಲ ಕೆದಕಿ ತಿಳಿದಿದ್ದ. “ಚುರುಕಾಗಿರದೆ ಏನ್ ಸಾರ್? ಮಧ್ಯಾಹ್ನ ತಾನೇ ಇವರಕ್ಕನ ಹೊಲದಿಂದ ತಂದಿದ್ದಾರೆ. ಎಲ್ಲ ತಾಜಾ!”

“ಹೊಲದಲ್ಲೇ ಸಿಗುತ್ತಾ?” ಅಧ್ಯಕ್ಷರ ಮುಖ ಅರಳಿತು. “ಹಾಗಾದ್ರೆ ಇದನ್ನ ಸಾಕೋಕೆ ಅಂತ ಒಬ್ಬ ಯಾಕ್ರೀ ಬೇಕು?”

ಹುದ್ದೆ ಅಲ್ಲೇ ರದ್ದಾಯಿತು.

ಮಾಲಿ ಕಣ್ಣೊರೆಸಿಕೊಳ್ಳುತ್ತ ಉಳಿದ ಗಂಧಕದ ಡಬ್ಬಿ ತಂದುಕೊಟ್ಟ. “ಅಕ್ಕನ ಹೊಲಕ್ಕೆ ಹೊಡೀರಣ್ಣಾ, ಕಾಲುದಾರಿ ಉದ್ದಕ್ಕೆ ಸಾಕಾಗುತ್ತೆ. ಹೆಂಗೆ ಕೆಲಸ ಮಾಡುತ್ತೆ ಅಂತ ನಿಮಗೇ ಗೊತ್ತಲ್ಲ.” ಅವನ ಕತ್ತು ಹಿಸುಕಬೇಕೆನಿಸಿದರೂ ನುಸಿಯಪ್ಪ ಡಬ್ಬಿ ಹಿಡಿದು ಓಡಿದ. ಕೆಲಸ ಹೋದರೆ ಹಾಳಾಗಲಿ, ಅಕ್ಕನ ಅನ್ನವಾದರೂ ಉಳಿಯಲಿ.

ಅಕ್ಕ ಮೊಣಕಾಲವರೆಗೆ ಕೆಸರು ಮಾಡಿಕೊಂಡು ಗೇಟಿನಲ್ಲೇ ನಿಂತಿದ್ದಳು. “ಕೆಲಸ ಉಳೀತೇನೋ?”

ಅವಳ ಮುಖ ನೋಡಿ ಅವನಿಗೆ ಅಳು ಬಂತು. “ಹೂಂ,” ಎಂದುಬಿಟ್ಟ.

“ನಾಳೆ ಮತ್ತೆ ಬೇಕಾದ್ರೆ ನೀನು ಎಲ್ಲಿ ಅಂತ ಅಲೀತೀಯಾ? ಅದಕ್ಕೇ ಆ ಮುದುರಿದ ಸಸಿನೆಲ್ಲ ಕಿತ್ತು ಹೊಲದ ತುಂಬ ಹಂಚಿ ನೆಟ್ಟಿದ್ದೀನಿ. ಅಕ್ಕಪಕ್ಕದೋರೂ ಬಂದು ಒಂದೊಂದು ಹಿಡಿ ಒಯ್ದ್ರು. ಬಂಗಾರ ಅಂದ್ರೆ ಯಾರು ಬಿಡ್ತಾರೆ ಹೇಳು!”

ಗಾಳಿ ಬೀಸಿ ಊರಿನ ಗೋಧಿಯೆಲ್ಲ ಒಮ್ಮೆಗೇ ತೂಗಿತು. ಅಕ್ಕನ ಕಣ್ಣು ಅವನ ಕೈಯಲ್ಲಿದ್ದ ಡಬ್ಬಿಯ ಮೇಲೆ ಬಿತ್ತು.

“ಅದೇನೋ? ಸಿಹಿ ತಂದ್ಯಾ?”