ಅಪ್ಪಿಯಕ್ಕನ ಸಾಲು

ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ನನಗೆ ಮೊದಲಿನಿಂದಲೂ ಕಡಿಮೆ. ಮೊಮ್ಮಗಳು ಮೊಬೈಲಿನಲ್ಲಿ ಟೈಪ್ ಮಾಡಲು ಕಲಿಸಿದ ಮೇಲಂತೂ ಪೂರ್ತಿ ಬಿಟ್ಟೇ ಹೋಯಿತು. ಬಾಯಲ್ಲಿ ಹೇಳುವಾಗ ಎದುರಿಗಿದ್ದವರ ಮುಖ ನೋಡಿ ಸ್ವಲ್ಪವಾದರೂ ನಾಚಿಕೆಯಾಗುತ್ತದೆ. ಬೆರಳಿಗೆ ಎಂಥ ನಾಚಿಕೆ? ಹಾಗಾಗಿ ನಮ್ಮ ಪೇಟೆಯ ಲೈಬ್ರರಿಯವರು, ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹೆಂಗಸರು ಹಾಡುತ್ತಿದ್ದ ಹಾಡು ಗೊತ್ತಿರುವವರು ಯಾರಾದರೂ ಇದ್ದಾರೆಯೇ, ರೆಕಾರ್ಡ್ ಮಾಡಿ ಇಡುತ್ತೇವೆ ಎಂದು ವಾಟ್ಸಾಪಿನಲ್ಲಿ ಕೇಳಿದಾಗ ನಾನು "ಇಡೀ ಗೊತ್ತುಂಟು" ಎಂದು ಒತ್ತಿಬಿಟ್ಟೆ. ಕೊನೆಗೆ ಒಂದು ಗುಲಾಬಿ ಹೂವನ್ನೂ ಇಟ್ಟೆ.

ಅಂಚಿನ ಸೀರೆ ಉಟ್ಟು ಬಂಟ್ವಾಳದ ಬಸ್ಸು ಹತ್ತಿದೆ. ಲೈಬ್ರರಿ ನೋಡಿಕೊಳ್ಳುವ ಶ್ವೇತಾ ಮೂಡುಬಿದಿರೆಯಲ್ಲಿ ಓದಿದ ಹುಡುಗಿ, ಬಹಳ ಮರ್ಯಾದೆಯವಳು. ಕುರ್ಚಿ ಹಾಕಿದಳು, ಸದ್ದು ಬೇಡವೆಂದು ಫ್ಯಾನ್ ನಿಲ್ಲಿಸಿದಳು, ಮೈಕು ಹಿಡಿದು "ಶುರು ಮಾಡಿ ಅಜ್ಜಿ" ಎಂದಳು. ನಾನು ಕಾದೆ. ಅವಳೂ ಕಾದಳು. ನೀರು ಬೇಕಾ ಎಂದು ಕೇಳಿದಳು. ಬೇಡವೆಂದೆ.

"ನೀನು ಮೊದಲು ಹೇಳು ಮಗಾ. ನಾನು ಹಿಂದಿನಿಂದ ಹೇಳ್ತೇನೆ."

"ನನಗೆ ಗೊತ್ತಿದ್ರೆ ನಿಮ್ಮನ್ನು ಯಾಕೆ ಬಸ್ಸಲ್ಲಿ ಬರ್ಲಿಕ್ಕೆ ಹೇಳ್ತಿದ್ದೆ ಅಜ್ಜಿ?"

ಸಂಗತಿ ಏನೆಂದರೆ, ಆ ಹಾಡು ಪ್ರಶ್ನೆ ಮತ್ತು ಉತ್ತರದ್ದು. ಪ್ರಶ್ನೆ ಕೇಳುತ್ತಿದ್ದವಳು ಅಪ್ಪಿಯಕ್ಕ. ಮುಂಡಾಜೆ ಕಡೆಯಿಂದ ನಮ್ಮ ಊರಿಗೆ ಮದುವೆಯಾಗಿ ಬಂದವಳು. ಸಾಲಿನ ತುದಿಯಲ್ಲಿ ಬಗ್ಗಿ ನಿಂತು, ಮೊದಲೊಂದು ಸಣ್ಣ ಕೆಮ್ಮು ಕೆಮ್ಮಿ ಪ್ರಶ್ನೆ ಎತ್ತಿದರೆ ನಾವೆಲ್ಲ ಒಟ್ಟಿಗೆ ಉತ್ತರ ಹಾಡುವುದು. ಅವಳು ಪ್ರಶ್ನೆ ಹಾಡುವ ಹೊತ್ತು ನಮಗೆ ಉಸಿರು ತೆಗೆದುಕೊಳ್ಳಲಿಕ್ಕೆ, ಸೊಂಟ ನೆಟ್ಟಗೆ ಮಾಡಲಿಕ್ಕೆ, ಪಕ್ಕದವಳ ಹತ್ತಿರ ಅವಳ ಅತ್ತೆಯ ಸುದ್ದಿ ಕೇಳಲಿಕ್ಕೆ. ಪ್ರಶ್ನೆಗೆ ಕಿವಿ ಕೊಟ್ಟವರು ಯಾರು? ಪ್ರತಿ ಉತ್ತರ ಮುಗಿದಾಗ ಅಪ್ಪಿಯಕ್ಕ ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿದ್ದಳು. ನನ್ನ ಸ್ವರ ಅಷ್ಟು ಮೆಚ್ಚಿದ್ದಳು, ಪಾಪ. ಈಗ ಅವಳೂ ಇಲ್ಲ, ಆ ಸಾಲಿನಲ್ಲಿದ್ದವರೂ ಇಲ್ಲ. ಗದ್ದೆಗೆ ನಾಟಿಯ ಯಂತ್ರ ಬರುತ್ತದೆ. ಅದಕ್ಕೆ ಸೊಂಟವೂ ಇಲ್ಲ, ಅತ್ತೆಯೂ ಇಲ್ಲ.

ಗೊತ್ತಿದ್ದಷ್ಟು ಹಾಡಿದೆ. ಹಾಡಿದ್ದು ತುಳುವಿನಲ್ಲಿ, ನನ್ನ ಬೆರಳಿಗೆ ಕನ್ನಡ ಮಾತ್ರ ಬರುವುದರಿಂದ ಇಲ್ಲಿ ಹೀಗೆ ಬರೆಯುತ್ತೇನೆ: "ಅಲ್ಲ ತಾಯೀ, ಅದು ಮಳೆಯಲ್ಲ." "ಹಿಂದಿನ ಬಾಗಿಲಿನಿಂದ ಬಂದಳು." "ಇನ್ನೊಂದು ತುತ್ತು ಬಡಿಸಿದಳು." ಶ್ವೇತಾ ತಲೆ ಕೆರೆದುಕೊಂಡು, ಹಿಂದಿನ ಬಾಗಿಲಿನಿಂದ ಬಂದದ್ದು ಯಾರು ಎಂದು ಕೇಳಿದಳು. ಅದು ಅಪ್ಪಿಯಕ್ಕನ ಸಾಲಿನಲ್ಲಿ ಉಂಟು ಎಂದೆ. ಒಂದು ಉತ್ತರಕ್ಕೂ ಇನ್ನೊಂದಕ್ಕೂ ನಡುವೆ ನಾನು ಸುಮ್ಮನೆ ಕೂರುತ್ತಿದ್ದೆ. ಅವಳ ಪ್ರಶ್ನೆಯಷ್ಟು ಹೊತ್ತು ಹೋಗದೆ ನನ್ನ ಬಾಯಿಗೆ ನನ್ನ ಸಾಲು ಬರುವುದಿಲ್ಲ. ಆ ಖಾಲಿ ಜಾಗ ಕತ್ತರಿಸುತ್ತೇನೆ ಎಂದು ಶ್ವೇತಾ ಹೊರಟಾಗ ಮಾತ್ರ ನನಗೆ ಸಿಟ್ಟು ಬಂತು.

"ಕತ್ತರಿಸ್ಬೇಡ ಮಗಾ. ಅಲ್ಲಿ ಅಪ್ಪಿಯಕ್ಕ ಇದ್ದಾಳೆ."

ಹಾಗೆಯೇ ಬಿಟ್ಟಳು. ಈಗ ಅದು ಲೈಬ್ರರಿಯ ಕಂಪ್ಯೂಟರಿನಲ್ಲಿ ಉಂಟು. ಯಾರು ಬೇಕಾದರೂ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಬಹುದು. ಕೇಳುವುದು ಹೆಚ್ಚಾಗಿ ನಾನೇ. ಪೇಟೆಗೆ ತರಕಾರಿಗೆಂದು ಹೋದವಳು ಪೇಪರ್ ಓದುವ ನೆವದಲ್ಲಿ ಒಳಗೆ ಹೋಗಿ ಕೂರುತ್ತೇನೆ. ನನ್ನ ಹಾಡು ನನಗೆ ಬೇಡ. ಆ ಖಾಲಿ ಜಾಗ ಬರಲಿ ಎಂದು ಕಾಯುವುದು. ಕಣ್ಣು ಮುಚ್ಚಿದರೆ ಅಲ್ಲಿ ಕೆಸರಿನಿಂದ ಕಾಲು ಕೀಳುವ ಸದ್ದು, ಬಳೆಯ ಸದ್ದು, ಆ ಕೆಮ್ಮು ಎಲ್ಲ ಉಂಟು. ಪ್ರಶ್ನೆ ಮಾತ್ರ ಇಲ್ಲ.

ಮೊನ್ನೆ ಹಾಗೆ ಕೂತಿದ್ದಾಗ ನನಗೇ ಸಣ್ಣ ಕೆಮ್ಮು ಬಂತು. ಅದರ ಬೆನ್ನಿಗೇ ಸಾಲೂ ಬಂತು: "ಎದುರು ಬಾಗಿಲು ಹಾಕಿದ ಮನೆಗೆ ನಮ್ಮ ತಂಗಿ ಹೇಗೆ ಬಂದಳು?" ಕಿವಿಯೊಳಗೆ ನನ್ನದೇ ಸ್ವರ ಉತ್ತರ ಕೊಟ್ಟಿತು, "ಹಿಂದಿನ ಬಾಗಿಲಿನಿಂದ ಬಂದಳು." ಹೆಡ್‌ಫೋನ್ ಹಾಕಿದವರಿಗೆ ತಾವೆಷ್ಟು ಜೋರಾಗಿ ಹಾಡುತ್ತೇವೆಂದು ಗೊತ್ತಾಗುವುದಿಲ್ಲವಂತೆ. ಪೇಪರ್ ಓದುತ್ತಿದ್ದವರೆಲ್ಲ ತಲೆ ಎತ್ತಿದ್ದರು. ಶ್ವೇತಾ ತುಟಿಗೆ ಬೆರಳಿಟ್ಟುಕೊಂಡು ಓಡಿ ಬಂದವಳು ಅರ್ಧ ದಾರಿಯಲ್ಲಿ ಬೆರಳು ತೆಗೆದಳು.

"ಅಜ್ಜಿ, ಈಗ ಹೇಳಿದ್ದು ಇನ್ನೊಮ್ಮೆ ಹೇಳಿ."

ನಾನು ಗೋಡೆ ತೋರಿಸಿದೆ. ಅಲ್ಲಿ 'ನಿಶ್ಶಬ್ದವಾಗಿರಿ' ಎಂಬ ಬೋರ್ಡು.

"ಆಟ ಆಡ್ಬೇಡಿ ಮಾರಾಯ್ರೆ" ಎಂದು ಶ್ವೇತಾ ಬೋರ್ಡನ್ನೇ ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಳು. ಮೈಕು ಬಂತು. ನಾನು ಅಪ್ಪಿಯಕ್ಕನ ಹಾಗೆ ಕೆಮ್ಮಿ, ಅವಳ ಹಾಗೆಯೇ ಪ್ರಶ್ನೆ ಎತ್ತಿದೆ. ಎತ್ತಿ, ಉತ್ತರಕ್ಕೆ ಕಾದೆ. ಹಿಂದಿನಿಂದ ಹಾಡಲಿಕ್ಕೆ ಯಾರೂ ಇರಲಿಲ್ಲ. ನನ್ನ ಮುಖ ನೋಡಿ ಏನು ಅನಿಸಿತೋ, ಶ್ವೇತಾ ಮೆಲ್ಲನೆ ಹೆಡ್‌ಫೋನನ್ನು ಮತ್ತೆ ನನ್ನ ಕಿವಿಗಿಟ್ಟಳು. ಒಂದೊಂದೇ ಪ್ರಶ್ನೆ ನೆನಪಾಗುತ್ತ ಹೋಯಿತು. ನಾನು ಕೇಳುವುದು, ಒಳಗಿನಿಂದ ನಾನೇ ಉತ್ತರಿಸುವುದು. ಅಪ್ಪಿಯಕ್ಕನ ಜಾಗದಲ್ಲಿ ನಿಂತು ನನ್ನ ಸ್ವರ ಕೇಳಿದ್ದು ನನಗೆ ಅದೇ ಮೊದಲು. ರಾಗ ಒಂದು ದಾರಿ ಹಿಡಿದರೆ ಅದು ಇನ್ನೊಂದು ದಾರಿ ಹಿಡಿಯುತ್ತಿತ್ತು. ತಡೆಯಲಾಗದೆ ನಾನೂ ಕತ್ತು ತಿರುಗಿಸಿ ನೋಡಿದೆ, ಥೇಟ್ ಅಪ್ಪಿಯಕ್ಕ ನನ್ನನ್ನು ನೋಡುತ್ತಿದ್ದ ಹಾಗೆ.